ಮೊಬೈಲ್‌ನಲ್ಲಿ ಉಳಿಸಿದ ದೂರವಾಣಿ ಸಂಖ್ಯೆಗೆ ವಿರಾಮ ಸೇರಿಸುವ ವಿಧಾನ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸರ್ಕಾರಿ ಕಚೇರಿಗಳು, ಬ್ಯಾಂಕುಗಳು, ಆಸ್ಪತ್ರೆಗಳು ಹಾಗೂ ಸಹಾಯವಾಣಿಗಳಿಗೆ ಬರುವ ಕರೆಗಳನ್ನು ಬಹುತೇಕ ಸಂದರ್ಭಗಳಲ್ಲಿ ಮೊದಲು ಧ್ವನಿಮುದ್ರಿತ ಸೂಚನೆ ನೀಡುವ ಸ್ವಯಂಚಾಲಿತ ವ್ಯವಸ್ಥೆಯು ಸ್ವೀಕರಿಸುತ್ತದೆ. ಇದನ್ನು ಐವಿಆರ್‌ಎಸ್ ಎಂದು ಕರೆಯಲಾಗುತ್ತದೆ. ಕನ್ನಡಕ್ಕೆ ಒಂದು ಅಂಕಿ, ದೂರು ದಾಖಲಿಸಲು ಮತ್ತೊಂದು ಅಂಕಿ, ಸಂಬಂಧಪಟ್ಟ ವಿಭಾಗಕ್ಕೆ ಮಗದೊಂದು ಅಂಕಿ ಎಂಬಂತೆ ಕರೆಮಾಡಿದವರು ಹಂತ ಹಂತವಾಗಿ ಕೀಲಿಗಳನ್ನು ಒತ್ತಬೇಕಾಗುತ್ತದೆ. ನಿಗದಿತ ಸಮಯದೊಳಗೆ ಅಂಕಿಯನ್ನು ಒತ್ತದಿದ್ದಲ್ಲಿ ಸೂಚನೆಯು ಪುನರಾವರ್ತನೆಯಾಗುತ್ತದೆ ಅಥವಾ ಕರೆಯು ಕಡಿತಗೊಳ್ಳುತ್ತದೆ.

ಹಿರಿಯ ನಾಗರಿಕರು, ದೃಷ್ಟಿದೋಷವುಳ್ಳವರು, ಕೈನಡುಕವಿರುವವರು ಹಾಗೂ ಅಂಕಿಗಳನ್ನು ಓದಲು ಕಷ್ಟಪಡುವವರು ಈ ಹಂತದಲ್ಲಿಯೇ ಪ್ರಯತ್ನವನ್ನು ಕೈಬಿಡುವುದುಂಟು. ಪರಿಣಾಮವಾಗಿ, ಯಾವ ಸೇವೆಯು ಅವರಿಗೆ ಅತ್ಯಗತ್ಯವೋ ಅದೇ ಸೇವೆಯಿಂದ ಅವರು ದೂರ ಉಳಿಯುವಂತಾಗುತ್ತದೆ. ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸುವ ಸರಳ ಸೌಲಭ್ಯವೊಂದು ಸಾಮಾನ್ಯ ಕೀಲಿ ಮೊಬೈಲ್‌ಗಳಲ್ಲಿಯೂ ಸ್ಮಾರ್ಟ್‌ಫೋನ್‌ಗಳಲ್ಲಿಯೂ ಲಭ್ಯವಿರುತ್ತದೆ. ದೂರವಾಣಿ ಸಂಖ್ಯೆಯ ಜೊತೆಗೆ ನಂತರ ಒತ್ತಬೇಕಾದ ಅಂಕಿಗಳನ್ನೂ, ಅವುಗಳ ನಡುವೆ ವಿರಾಮಗಳನ್ನೂ ಸೇರಿಸಿ ಉಳಿಸುವುದೇ ಈ ಸೌಲಭ್ಯವಾಗಿದೆ. ಇದನ್ನು ಬಳಸುವ ವಿಧಾನ ಮತ್ತು ಪಾಲಿಸಬೇಕಾದ ಎಚ್ಚರಿಕೆಗಳನ್ನು ಈ ಕೆಳಗೆ ವಿವರಿಸಲಾಗಿದೆ.

ವಿರಾಮದ ಅಗತ್ಯವೇನು?

ಹತ್ತು ಅಂಕಿಗಳ ದೂರವಾಣಿ ಸಂಖ್ಯೆಯ ಕೊನೆಗೆ ಎಕ್ಸ್‌ಟೆನ್ಷನ್ ಸಂಖ್ಯೆಯನ್ನು ನೇರವಾಗಿ ಜೋಡಿಸಿ ಉಳಿಸಿದಲ್ಲಿ ಪ್ರಯೋಜನವಾಗುವುದಿಲ್ಲ. ದೂರವಾಣಿ ವಿನಿಮಯ ಕೇಂದ್ರವು ಎಲ್ಲ ಅಂಕಿಗಳನ್ನೂ ಒಂದೇ ಸಂಖ್ಯೆಯೆಂದು ಪರಿಗಣಿಸುತ್ತದೆ. ಆಗ ಕರೆಯು ವಿಫಲವಾಗಬಹುದು ಅಥವಾ ಹೆಚ್ಚುವರಿ ಅಂಕಿಗಳು ಗಣನೆಗೆ ಬಾರದೇ ಹೋಗಬಹುದು.

ವಾಸ್ತವವಾಗಿ ಇಲ್ಲಿ ಎರಡು ಪ್ರತ್ಯೇಕ ಕಾರ್ಯಗಳಿರುತ್ತವೆ. ಮೊದಲ ಭಾಗದ ಅಂಕಿಗಳು ವಿನಿಮಯ ಕೇಂದ್ರಕ್ಕೆ ಸಂಬಂಧಿಸಿದ್ದು, ಕರೆಯನ್ನು ಎಲ್ಲಿಗೆ ತಲುಪಿಸಬೇಕೆಂಬುದನ್ನು ತಿಳಿಸುತ್ತವೆ. ಎರಡನೇ ಭಾಗದ ಅಂಕಿಗಳು ಆ ಕಡೆ ಕರೆಯನ್ನು ಸ್ವೀಕರಿಸಿದ ಯಂತ್ರಕ್ಕೆ ಸಂಬಂಧಿಸಿದವು. ಕರೆ ಸ್ವೀಕೃತವಾಗುವ ಮೊದಲು ಇವುಗಳನ್ನು ಕೇಳುವವರು ಯಾರೂ ಇರುವುದಿಲ್ಲ. ಆದ್ದರಿಂದ ಈ ಎರಡು ಭಾಗಗಳನ್ನು ಬೇರ್ಪಡಿಸುವ ಗುರುತೊಂದು ಬೇಕಾಗುತ್ತದೆ. ಆ ಗುರುತೇ ವಿರಾಮ ಚಿಹ್ನೆ.

ಅಂಕಿಗಳು ತಲುಪುವ ಬಗೆ

ಕರೆಯ ನಡುವೆ ಕೀಲಿ ಒತ್ತಿದಾಗ ಕೇಳಿಬರುವ ಧ್ವನಿಯು ಎರಡು ಬೇರೆ ಬೇರೆ ಕಂಪನಾಂಕಗಳ ಸ್ವರಗಳಿಂದ ಕೂಡಿರುತ್ತದೆ. ಉದಾಹರಣೆಗೆ, 5ನ್ನು ಒತ್ತಿದಾಗ 770 ಹರ್ಟ್ಜ್ ಮತ್ತು 1336 ಹರ್ಟ್ಜ್ ಸ್ವರಗಳು ಒಟ್ಟಿಗೆ ಹೊರಡುತ್ತವೆ. 1ನ್ನು ಒತ್ತಿದಾಗ 697 ಹರ್ಟ್ಜ್ ಮತ್ತು 1209 ಹರ್ಟ್ಜ್ ಸ್ವರಗಳು ಹೊರಡುತ್ತವೆ. ಮನುಷ್ಯರ ಮಾತಿನಲ್ಲಿ ಇಂತಹ ನಿಖರವಾದ ಜೋಡಿ ಸ್ವರಗಳು ಆಕಸ್ಮಿಕವಾಗಿ ಮೂಡುವುದು ಅಪರೂಪವಾದುದರಿಂದ ಯಂತ್ರವು ಅಂಕಿಯನ್ನು ಸುಲಭವಾಗಿ ಗುರುತಿಸುತ್ತದೆ. ಡಿಟಿಎಂಎಫ್ ಎಂದು ಕರೆಯಲಾಗುವ ಈ ಪದ್ಧತಿಯನ್ನು ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯು 1963ರಲ್ಲಿ ಸಾರ್ವಜನಿಕ ಬಳಕೆಗೆ ತಂದಿತು.

ಮೊಬೈಲ್ ಜಾಲದಲ್ಲಿ ಇದರ ವ್ಯವಸ್ಥೆಯು ಸ್ವಲ್ಪ ಭಿನ್ನವಾಗಿರುತ್ತದೆ. ಮಾತನ್ನು ಸಂಕುಚಿತಗೊಳಿಸಿ ಕಳುಹಿಸುವಾಗ ಸ್ವರಗಳು ವಿರೂಪಗೊಳ್ಳುವ ಸಾಧ್ಯತೆ ಇರುವುದರಿಂದ, ಜಿಎಸ್‌ಎಂ ಮೊಬೈಲ್ ಸ್ವತಃ ಸ್ವರವನ್ನು ಕಳುಹಿಸುವುದಿಲ್ಲ. ಯಾವ ಅಂಕಿಯನ್ನು ಒತ್ತಲಾಗಿದೆ ಎಂಬ ಸಂದೇಶವನ್ನು ಮಾತ್ರ ಜಾಲಕ್ಕೆ ರವಾನಿಸುತ್ತದೆ ಹಾಗೂ ಜಾಲದ ವಿನಿಮಯ ಕೇಂದ್ರವು ಸ್ವರವನ್ನು ಉತ್ಪಾದಿಸಿ ಮುಂದಕ್ಕೆ ಕಳುಹಿಸುತ್ತದೆ. ಈ ಕಾರಣದಿಂದ ಬಳಕೆದಾರರು ಕೀಲಿಯ ಸದ್ದನ್ನು ನಿಲ್ಲಿಸಿದ್ದರೂ ಅಂಕಿಗಳು ತಲುಪುತ್ತವೆ.

ವಿರಾಮದ ಎರಡು ಬಗೆಗಳು

1. ಸಮಯಾಧಾರಿತ ವಿರಾಮ: ಇದನ್ನು ಅಲ್ಪವಿರಾಮ ಚಿಹ್ನೆಯಿಂದ ( , ) ಸೂಚಿಸಲಾಗುತ್ತದೆ. ಹಳೆಯ ಮಾದರಿಯ ಅನೇಕ ಮೊಬೈಲ್‌ಗಳಲ್ಲಿ ಇದೇ ಕಾರ್ಯಕ್ಕೆ ಇಂಗ್ಲಿಷಿನ 'ಪಿ' ಅಕ್ಷರವಿರುತ್ತದೆ. ಕರೆ ಸ್ವೀಕೃತವಾದ ನಂತರ ಮೊಬೈಲ್ ಕೆಲವು ಸೆಕೆಂಡುಗಳ ಕಾಲ ಕಾದು, ಮುಂದಿನ ಅಂಕಿಗಳನ್ನು ತಾನಾಗಿಯೇ ಕಳುಹಿಸುತ್ತದೆ. ಬಳಕೆದಾರರು ಏನನ್ನೂ ಒತ್ತಬೇಕಾಗಿಲ್ಲ.

2. ಅನುಮತಿ ಆಧಾರಿತ ವಿರಾಮ: ಇದನ್ನು ಅರ್ಧವಿರಾಮ ಚಿಹ್ನೆಯಿಂದ ( ; ) ಸೂಚಿಸಲಾಗುತ್ತದೆ. ಹಳೆಯ ಮಾದರಿಗಳಲ್ಲಿ 'ಡಬ್ಲ್ಯು' ಅಕ್ಷರವಿರುತ್ತದೆ. ಮೊಬೈಲ್ ಆ ಸ್ಥಳಕ್ಕೆ ಬಂದು ನಿಲ್ಲುತ್ತದೆ. ಬಳಕೆದಾರರು ಒಪ್ಪಿಗೆಯ ಕೀಲಿಯನ್ನು ಒತ್ತಿದ ನಂತರವೇ ಮುಂದಿನ ಅಂಕಿಗಳು ಹೋಗುತ್ತವೆ.

ಅಲ್ಪವಿರಾಮವನ್ನು ಈ ಕಾರ್ಯಕ್ಕೆ ಬಳಸುವ ರೂಢಿಯು ಮೊಬೈಲ್‌ಗಿಂತ ಹಳೆಯದು. ದೂರವಾಣಿ ತಂತಿಯ ಮೂಲಕ ಗಣಕಯಂತ್ರಗಳನ್ನು ಜೋಡಿಸುತ್ತಿದ್ದ ಮೋಡೆಮ್‌ಗಳಿಗೆ ಅಲ್ಪವಿರಾಮವೆಂದರೆ ಸಾಮಾನ್ಯವಾಗಿ 2 ಸೆಕೆಂಡು ನಿಲ್ಲಬೇಕೆಂಬ ಸೂಚನೆಯಾಗಿತ್ತು. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆ ಆರಂಭವಾದ ನಂತರದ ವರ್ಷಗಳಲ್ಲಿ ಕಚೇರಿಯ ಇಪಿಎಬಿಎಕ್ಸ್ ಮೂಲಕ ಅಂತರಜಾಲಕ್ಕೆ ಸಂಪರ್ಕ ಪಡೆಯುವವರು 0 ಒತ್ತಿ, ಹೊರಗಿನ ತಂತಿ ದೊರೆಯುವವರೆಗೆ ನಿಲ್ಲಲು ಅಲ್ಪವಿರಾಮವನ್ನು ಸೇರಿಸಬಹುದಾಗಿತ್ತು.

ವಿರಾಮವನ್ನು ಸೇರಿಸುವ ವಿಧಾನ

ಸಾಮಾನ್ಯ ಕೀಲಿ ಮೊಬೈಲ್: ಸಂಖ್ಯೆಯನ್ನು ನಮೂದಿಸಿದ ನಂತರ ನಕ್ಷತ್ರ ( * ) ಕೀಲಿಯನ್ನು ಬೇಗ ಬೇಗನೆ ಪದೇ ಪದೇ ಒತ್ತಬೇಕು. ಅನೇಕ ಮಾದರಿಗಳಲ್ಲಿ ನಕ್ಷತ್ರ, ಅಧಿಕ ಚಿಹ್ನೆ, 'ಪಿ' ಮತ್ತು 'ಡಬ್ಲ್ಯು' ಒಂದರ ನಂತರ ಒಂದರಂತೆ ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಬೇಕಾದ ಅಕ್ಷರ ಬಂದಾಗ ನಿಲ್ಲಿಸಿ, ಮುಂದಿನ ಅಂಕಿಗಳನ್ನು ನಮೂದಿಸಿ ಉಳಿಸತಕ್ಕದ್ದು.

ಆಂಡ್ರಾಯ್ಡ್ ಮೊಬೈಲ್: ಕರೆಮಾಡುವ ಅಂಕಿಫಲಕದಲ್ಲಿ ಸಂಖ್ಯೆಯನ್ನು ನಮೂದಿಸಿ, ಮೂರು ಚುಕ್ಕಿಗಳ ಗುರುತನ್ನು ಒತ್ತಿದಲ್ಲಿ 2 ಸೆಕೆಂಡುಗಳ ವಿರಾಮ ಹಾಗೂ 'ವೇಟ್' ಎಂಬ ಎರಡು ಆಯ್ಕೆಗಳು ಸಾಮಾನ್ಯವಾಗಿ ದೊರೆಯುತ್ತವೆ. ಮೊದಲನೆಯದು ಅಲ್ಪವಿರಾಮವನ್ನೂ ಎರಡನೆಯದು ಅರ್ಧವಿರಾಮವನ್ನೂ ಸೇರಿಸುತ್ತದೆ. ನಂತರ ಇಡೀ ಸಂಖ್ಯೆಯನ್ನು ಹೆಸರಿನೊಂದಿಗೆ ಉಳಿಸಬಹುದಾಗಿದೆ. ತಯಾರಕರನ್ನು ಅವಲಂಬಿಸಿ ಆಯ್ಕೆಗಳ ಹೆಸರು ಮತ್ತು ಸ್ಥಾನ ಬದಲಾಗಬಹುದು.

ಐಫೋನ್: ಸಂಪರ್ಕ ವಿವರವನ್ನು ತಿದ್ದುವ ಪುಟದಲ್ಲಿ ಸಂಖ್ಯೆಯ ಕೊನೆಗೆ ಹೋಗಿ, ಅಂಕಿಫಲಕದ ಎಡಗಡೆಯ ಕೆಳಮೂಲೆಯಲ್ಲಿರುವ ಚಿಹ್ನೆಗಳ ಕೀಲಿಯನ್ನು ಒತ್ತಿದಾಗ 'ಪಾಜ್' ಮತ್ತು 'ವೇಟ್' ಎಂಬ ಆಯ್ಕೆಗಳು ಕಾಣಿಸುತ್ತವೆ.

ಉದಾಹರಣೆ: ಬೆಂಗಳೂರಿನ ಕಚೇರಿಯೊಂದರಲ್ಲಿ ಭಾಷೆಗಾಗಿ 2ನ್ನೂ ಅನಂತರ ಎಕ್ಸ್‌ಟೆನ್ಷನ್ 245ನ್ನೂ ಒತ್ತಬೇಕಾಗಿದೆ ಎಂದು ಭಾವಿಸಿದಲ್ಲಿ, ಸಂಖ್ಯೆಯನ್ನು ಈ ಕೆಳಕಂಡಂತೆ ಉಳಿಸಬಹುದು.

+91 80 ×××× ××××,,2,,245

ಗುಣಾಕಾರ ಚಿಹ್ನೆಯ ಸ್ಥಾನದಲ್ಲಿ ಕಚೇರಿಯ 8 ಅಂಕಿಗಳಿರತಕ್ಕದ್ದು. 1800ರಿಂದ ಆರಂಭವಾಗುವ ಶುಲ್ಕರಹಿತ ಸಂಖ್ಯೆಗಳಿಗೆ +91 ಸೇರಿಸದೆ, ಇದ್ದಂತೆಯೇ ಉಳಿಸುವುದು ಸೂಕ್ತ.

ವಿರಾಮಗಳ ಲೆಕ್ಕಾಚಾರ

ಒಂದು ಅಲ್ಪವಿರಾಮದ ಅವಧಿಯು ಎಲ್ಲ ಮೊಬೈಲ್‌ಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಜಿಎಸ್‌ಎಂ ಮಾನದಂಡದ ಪ್ರಕಾರ, ಕರೆ ಸ್ವೀಕೃತವಾದ ನಂತರ ಪ್ರತಿ ವಿರಾಮಕ್ಕೆ 3 ಸೆಕೆಂಡು ಕಾಯಬೇಕಾಗಿದ್ದು, ಇದರಲ್ಲಿ ಶೇಕಡ 20ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಆದರೆ ಹಲವು ಮೊಬೈಲ್‌ಗಳ ಕೈಪಿಡಿ ಮತ್ತು ಪರದೆಗಳಲ್ಲಿ 2 ಸೆಕೆಂಡು ಎಂದು ನಮೂದಿಸಲಾಗಿರುತ್ತದೆ. ಆದ್ದರಿಂದ ಒಂದು ಅಲ್ಪವಿರಾಮಕ್ಕೆ 2ರಿಂದ 3 ಸೆಕೆಂಡು ಎಂದು ಲೆಕ್ಕ ಹಾಕುವುದು ಸೂಕ್ತ.

ಲೆಕ್ಕವು ಕರೆ ಸ್ವೀಕೃತವಾದ ಕ್ಷಣದಿಂದ ಆರಂಭವಾಗುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಗಂಟೆ ಬಾರಿಸುವ ಸಮಯ, ಕಾಲರ್ ಟ್ಯೂನ್ ಹಾಗೂ ಕರೆಗೆ ಮುಂಚಿನ ಪ್ರಕಟಣೆಗಳು ಇದರಲ್ಲಿ ಸೇರುವುದಿಲ್ಲ. 2020ರಲ್ಲಿ ಕೋವಿಡ್ ಜಾಗೃತಿ ಸಂದೇಶವು ಕರೆಗೆ ಮುಂಚೆ ಕೇಳಿಬರುತ್ತಿದ್ದಾಗಲೂ ಅದಕ್ಕಾಗಿ ಹೆಚ್ಚುವರಿ ಅಲ್ಪವಿರಾಮಗಳನ್ನು ಸೇರಿಸುವ ಅಗತ್ಯವಿರಲಿಲ್ಲ.

ವಿರಾಮಗಳ ಸಂಖ್ಯೆಯನ್ನು ನಿರ್ಧರಿಸಲು ಈ ಕೆಳಕಂಡ ಕ್ರಮವನ್ನು ಅನುಸರಿಸಬಹುದು.

1. ಮೊದಲು ಸಂಖ್ಯೆಗೆ ಒಮ್ಮೆ ಸಾಮಾನ್ಯ ರೀತಿಯಲ್ಲಿ ಕರೆಮಾಡಿ, ಧ್ವನಿ ಸೂಚನೆಯನ್ನು ಪೂರ್ಣವಾಗಿ ಕೇಳುವುದು.
2. ಕರೆ ಸ್ವೀಕೃತವಾದ ಕ್ಷಣದಿಂದ ಅಂಕಿ ಒತ್ತಲು ಅವಕಾಶ ದೊರೆಯುವವರೆಗಿನ ಸೆಕೆಂಡುಗಳನ್ನು ಗಡಿಯಾರ ನೋಡಿ ಬರೆದುಕೊಳ್ಳುವುದು.
3. ಸೂಚನೆ ಮುಗಿಯುವ ಮೊದಲೇ ಒತ್ತಿದ ಅಂಕಿಯನ್ನು ವ್ಯವಸ್ಥೆಯು ಸ್ವೀಕರಿಸುತ್ತದೆಯೇ ಎಂದು ಇನ್ನೊಂದು ಕರೆಯಲ್ಲಿ ಪರೀಕ್ಷಿಸುವುದು. ಸ್ವೀಕರಿಸುವುದಾದಲ್ಲಿ ಒಂದೆರಡು ಅಲ್ಪವಿರಾಮಗಳು ಸಾಕಾಗುತ್ತವೆ.
4. ಸ್ವೀಕರಿಸದಿದ್ದಲ್ಲಿ, ಬರೆದುಕೊಂಡ ಸೆಕೆಂಡುಗಳನ್ನು 2ರಿಂದ ಭಾಗಿಸಿ, ಬಂದ ಸಂಖ್ಯೆಯಷ್ಟು ಅಲ್ಪವಿರಾಮಗಳನ್ನು ಸೇರಿಸುವುದು. ಉದಾಹರಣೆಗೆ, ಸೂಚನೆಯು 8 ಸೆಕೆಂಡುಗಳದ್ದಾಗಿದ್ದರೆ 4 ಅಲ್ಪವಿರಾಮಗಳು. 3 ಸೆಕೆಂಡು ಕಾಯುವ ಮೊಬೈಲ್‌ನಲ್ಲಿ ಇದು 12 ಸೆಕೆಂಡುಗಳಾಗುತ್ತದೆ. ಅಷ್ಟರೊಳಗೆ ಸೂಚನೆಯು ಪುನಃ ಆರಂಭವಾಗುವುದಾದಲ್ಲಿ ಒಂದನ್ನು ಕಡಿಮೆ ಮಾಡತಕ್ಕದ್ದು.
5. ಉಳಿಸಿದ ನಂತರ ಕನಿಷ್ಠ ಎರಡು ಬಾರಿ ಕರೆಮಾಡಿ ಖಚಿತಪಡಿಸಿಕೊಳ್ಳುವುದು.

ಅಂಕಿಯು ಸ್ವಲ್ಪ ತಡವಾಗಿ ತಲುಪಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಮುಂಚಿತವಾಗಿ ತಲುಪಿದಲ್ಲಿ ಮಾತ್ರ ಅದು ನಷ್ಟವಾಗುವುದಲ್ಲದೆ, ನಂತರದ ಅಂಕಿಯನ್ನು ಹಿಂದಿನ ಪ್ರಶ್ನೆಗೆ ಉತ್ತರವೆಂದು ಯಂತ್ರವು ಭಾವಿಸಿ, ಕರೆಯು ಬೇರೆ ವಿಭಾಗಕ್ಕೆ ಹೋಗುವ ಸಂಭವವಿರುತ್ತದೆ.

ಯಾರಿಗೆ ಯಾವ ವಿರಾಮ ಸೂಕ್ತ?

ಧ್ವನಿ ಸೂಚನೆಯನ್ನು ಕೇಳಿಸಿಕೊಂಡು ಒಂದು ಕೀಲಿಯನ್ನು ಒತ್ತಬಲ್ಲವರಿಗೆ ಅನುಮತಿ ಆಧಾರಿತ ವಿರಾಮವೇ ಹೆಚ್ಚು ವಿಶ್ವಾಸಾರ್ಹ. ಸೂಚನೆಯು ಎಷ್ಟೇ ದೀರ್ಘವಾದರೂ ಅಂಕಿಯು ಸರಿಯಾದ ಸಮಯಕ್ಕೆ ಹೋಗುತ್ತದೆ.

ಪರದೆಯನ್ನು ನೋಡಿ ಕೀಲಿಯನ್ನು ಒತ್ತುವುದು ಕಷ್ಟವಾದವರಿಗೆ ಸಮಯಾಧಾರಿತ ವಿರಾಮವು ಅನುಕೂಲಕರ. ಸ್ಮಾರ್ಟ್‌ಫೋನನ್ನು ಕಿವಿಗೆ ಹಿಡಿದಾಗ ಪರದೆಯು ತಾನಾಗಿಯೇ ಆರುತ್ತದೆ. ಅಂಕಿ ಒತ್ತಬೇಕಾದಾಗ ಅದನ್ನು ಕಿವಿಯಿಂದ ತೆಗೆದು, ಪರದೆ ಬೆಳಗಿದ ನಂತರ ಅಂಕಿಫಲಕವನ್ನು ಹುಡುಕಬೇಕಾಗುತ್ತದೆ. ಅಷ್ಟರಲ್ಲಿ ಮುಂದಿನ ಸೂಚನೆ ಕೇಳಿಸದೇ ಹೋಗುತ್ತದೆ. ಅಲ್ಪವಿರಾಮಗಳನ್ನು ಸರಿಯಾಗಿ ಹೊಂದಿಸಿದ ಸಂಖ್ಯೆಯಲ್ಲಿ ಈ ಪ್ರಯಾಸ ಇರುವುದಿಲ್ಲ.

ಮನೆಯ ಹಿರಿಯರ ಮೊಬೈಲ್‌ನಲ್ಲಿ ಇಂತಹ ಸಂಖ್ಯೆಯನ್ನು ಉಳಿಸಿಕೊಡುವವರು ಅದನ್ನು ಅವರ ಮೊಬೈಲ್‌ನಿಂದಲೇ ಪರೀಕ್ಷಿಸಿ ನೋಡತಕ್ಕದ್ದು. ಹೆಸರನ್ನು 'ವಿದ್ಯುತ್ ದೂರು, ಕನ್ನಡ' ಎಂಬಂತೆ ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು. ವಿರಾಮಗಳಿಲ್ಲದ ಮೂಲ ಸಂಖ್ಯೆಯನ್ನೂ ಪ್ರತ್ಯೇಕವಾಗಿ ಉಳಿಸಿರಬೇಕು. ಸಂಸ್ಥೆಯು ತನ್ನ ಸೂಚನಾ ಕ್ರಮವನ್ನು ಬದಲಾಯಿಸಿದ ದಿನ, ಮೂಲ ಸಂಖ್ಯೆಯೇ ಅವರ ನೆರವಿಗೆ ಬರುತ್ತದೆ.

ಉಳಿಸಬಹುದಾದ ಅಂಕಿಗಳು

ಪ್ರತಿ ಬಾರಿಯೂ ಬದಲಾಗದ ಹಾಗೂ ಗೌಪ್ಯವಲ್ಲದ ಅಂಕಿಗಳನ್ನು ಮಾತ್ರ ಉಳಿಸತಕ್ಕದ್ದು. ಭಾಷೆಯ ಆಯ್ಕೆ, ವಿಭಾಗದ ಆಯ್ಕೆ ಹಾಗೂ ಕಚೇರಿಯ ಎಕ್ಸ್‌ಟೆನ್ಷನ್ ಸಂಖ್ಯೆ ಇದಕ್ಕೆ ಉದಾಹರಣೆಗಳು. ರೈಲ್ವೆಯ 10 ಅಂಕಿಗಳ ಪಿಎನ್‌ಆರ್ ಸಂಖ್ಯೆಯು ಪ್ರತಿ ಟಿಕೆಟಿಗೂ ಬೇರೆಯಾಗಿರುವುದರಿಂದ ಅದನ್ನು ಉಳಿಸುವುದರಿಂದ ಪ್ರಯೋಜನವಿಲ್ಲ.

ಉಳಿಸಬಾರದ ಅಂಕಿಗಳು

ಸಮಯ ಉಳಿತಾಯದ ದೃಷ್ಟಿಯಿಂದ ಬ್ಯಾಂಕಿನ ದೂರವಾಣಿ ಸಂಖ್ಯೆಯ ಮುಂದೆ ಗುಪ್ತ ಸಂಖ್ಯೆಯನ್ನು ಸೇರಿಸಿ ಉಳಿಸುವುದು ಅತ್ಯಂತ ಅಪಾಯಕಾರಿ. ಈ ಕೆಳಕಂಡವುಗಳನ್ನು ಯಾವುದೇ ಕಾರಣಕ್ಕೂ ಸಂಪರ್ಕ ಪಟ್ಟಿಯಲ್ಲಿ ನಮೂದಿಸಬಾರದು.

1. ಎಟಿಎಂ, ಯುಪಿಐ ಹಾಗೂ ದೂರವಾಣಿ ಬ್ಯಾಂಕಿಂಗ್‌ನ ಗುಪ್ತ ಸಂಖ್ಯೆಗಳು.
2. ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡಿನ ಸಂಖ್ಯೆ ಹಾಗೂ ಅದರ ಹಿಂಬದಿಯ ಸಿವಿವಿ ಅಂಕಿಗಳು.
3. ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಂಖ್ಯೆ.

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಸಂಪರ್ಕ ಪಟ್ಟಿಯು ಗುಪ್ತ ಪೆಟ್ಟಿಗೆಯಲ್ಲ. ಮೊಬೈಲನ್ನು ತೆರೆಯಬಲ್ಲ ಯಾರೇ ಆದರೂ ಅದನ್ನು ಓದಬಹುದು. ಸಂಪರ್ಕಗಳನ್ನು ನೋಡಲು ಅನುಮತಿ ಪಡೆದ ಪ್ರತಿಯೊಂದು ಆಪ್ ಸಹ ಇಡೀ ಸಂಖ್ಯೆಯನ್ನು, ವಿರಾಮದ ನಂತರದ ಅಂಕಿಗಳ ಸಹಿತ ಓದಬಲ್ಲದು. ಸಂಪರ್ಕ ಪಟ್ಟಿಯು ಅಂತರಜಾಲದ ಖಾತೆಯೊಂದಿಗೆ ಜೋಡಣೆಯಾಗಿದ್ದಲ್ಲಿ ಈ ಅಂಕಿಗಳು ಅಲ್ಲಿಗೂ ಹೋಗುತ್ತವೆ. ಸಂಪರ್ಕವನ್ನು ಇನ್ನೊಬ್ಬರಿಗೆ ಕಳುಹಿಸಿದಾಗ ಗುಪ್ತ ಸಂಖ್ಯೆಯೂ ಅದರ ಜೊತೆಯಲ್ಲಿಯೇ ಹೋಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಚಾಲನೆ ನೀಡಿದ ಯುಪಿಐ 123ಪೇ ವ್ಯವಸ್ಥೆಯಲ್ಲಿ ಅಂತರಜಾಲವಿಲ್ಲದ ಸಾಮಾನ್ಯ ಮೊಬೈಲ್‌ನಿಂದಲೂ ಧ್ವನಿ ಸೂಚನೆಗಳನ್ನು ಅನುಸರಿಸಿ ಹಣ ಪಾವತಿಸಬಹುದಾಗಿದೆ. ಈ ಸೌಲಭ್ಯವನ್ನು ಬಳಸುವವರು ತಮ್ಮ ಯುಪಿಐ ಗುಪ್ತ ಸಂಖ್ಯೆಯನ್ನು ಪ್ರತಿ ಬಾರಿಯೂ ಸ್ವತಃ ಒತ್ತತಕ್ಕದ್ದು. ಕೆಲವು ಸೆಕೆಂಡುಗಳ ಉಳಿತಾಯಕ್ಕಾಗಿ ಖಾತೆಯ ಹಣವನ್ನೇ ಅಪಾಯಕ್ಕೆ ಒಡ್ಡುವುದು ಸಲ್ಲದು.

ತುರ್ತು ಕರೆಗಳು

ತುರ್ತು ಸೇವೆಯ 112, ಆಂಬುಲೆನ್ಸ್ ಸೇವೆಯ 108 ಮುಂತಾದ ಸಂಖ್ಯೆಗಳಿಗೆ ಯಾವುದೇ ವಿರಾಮ ಅಥವಾ ಹೆಚ್ಚುವರಿ ಅಂಕಿಗಳನ್ನು ಸೇರಿಸಬಾರದು. ಇವುಗಳನ್ನು ನೇರವಾಗಿ ಒತ್ತಿ ಕರೆಮಾಡತಕ್ಕದ್ದು. ಮನೆಯ ಮಕ್ಕಳಿಗೂ ಹಿರಿಯರಿಗೂ ಈ ಸಂಖ್ಯೆಗಳು ಬಾಯಿಪಾಠವಾಗಿರುವುದು ಉತ್ತಮ.

ಅಪರಿಚಿತರು ಕಳುಹಿಸುವ ಸಂಖ್ಯೆಗಳ ಬಗ್ಗೆ ಎಚ್ಚರಿಕೆ

ನಕ್ಷತ್ರ ಮತ್ತು ಹ್ಯಾಶ್ ( # ) ಚಿಹ್ನೆಗಳಿಂದ ಕೂಡಿದ ಎಲ್ಲ ಅಂಕಿಗಳೂ ಕರೆಯ ನಂತರದ ಆಯ್ಕೆಗಳಾಗಿರುವುದಿಲ್ಲ. ಆರಂಭದಲ್ಲಿಯೇ ನಕ್ಷತ್ರ ಚಿಹ್ನೆಯಿರುವ ಕೆಲವು ಸಂಕೇತಗಳು ಮೊಬೈಲ್ ಜಾಲಕ್ಕೆ ನೀಡುವ ಆದೇಶಗಳಾಗಿರುತ್ತವೆ. *401* ಎಂದು ಆರಂಭವಾಗುವ ಸಂಕೇತವನ್ನು ಒತ್ತುವಂತೆ ನಂಬಿಸಿ, ಬಳಕೆದಾರರ ಕರೆಗಳನ್ನು ತಮ್ಮ ಸಂಖ್ಯೆಗೆ ತಿರುಗಿಸಿಕೊಂಡು, ಒಟಿಪಿ ಪಡೆದು ವಂಚಿಸಿದ ಪ್ರಕರಣಗಳು ನಡೆದವು. ಈ ಹಿನ್ನೆಲೆಯಲ್ಲಿ ಇಂತಹ ಸಂಕೇತಗಳ ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ಸ್ಥಗಿತಗೊಳಿಸುವಂತೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ಸೇವಾ ಸಂಸ್ಥೆಗಳಿಗೆ ಸೂಚಿಸಿತು. ಆದಾಗ್ಯೂ, ಅಪರಿಚಿತರು ದೂರವಾಣಿಯಲ್ಲಿ ಹೇಳುವ ಅಥವಾ ಸಂದೇಶದಲ್ಲಿ ಕಳುಹಿಸುವ ಇಂತಹ ಅಂಕಿಗಳನ್ನು ಉಳಿಸುವುದಾಗಲಿ ಒತ್ತುವುದಾಗಲಿ ಮಾಡಬಾರದು. ಆರ್ಥಿಕ ವಂಚನೆಗೆ ಒಳಗಾದಲ್ಲಿ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡತಕ್ಕದ್ದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿರಾಮ ಸೇರಿಸಿದರೆ ಹೆಚ್ಚುವರಿ ಶುಲ್ಕವಿದೆಯೇ?
ಉತ್ತರ: ವಿರಾಮಕ್ಕೆ ಪ್ರತ್ಯೇಕ ಶುಲ್ಕವಿರುವುದಿಲ್ಲ. ಆದರೆ ವಿರಾಮದ ಅವಧಿಯು ಕರೆ ಸ್ವೀಕೃತವಾದ ನಂತರದ ಸಮಯವಾದುದರಿಂದ ಅದು ಕರೆಯ ಒಟ್ಟು ಅವಧಿಯಲ್ಲಿ ಸೇರುತ್ತದೆ.

ಪ್ರಶ್ನೆ: ಸಂಖ್ಯೆಯನ್ನು ಸಿಮ್ ಕಾರ್ಡಿನಲ್ಲಿ ಉಳಿಸಬಹುದೇ?
ಉತ್ತರ: ಮೊಬೈಲ್‌ನ ಸ್ಮರಣೆಯಲ್ಲಿ ಉಳಿಸುವುದು ಮೇಲು. ಸಿಮ್‌ನಲ್ಲಿ ಪ್ರತಿ ಹೆಸರಿನ ಮುಂದೆ ಸಾಮಾನ್ಯವಾಗಿ 20 ಅಂಕಿಗಳಿಗೆ ಮಾತ್ರ ಸ್ಥಳವಿದ್ದು, ವಿರಾಮ ಚಿಹ್ನೆಯೂ ಒಂದು ಅಂಕಿಯ ಸ್ಥಳವನ್ನು ಆಕ್ರಮಿಸುತ್ತದೆ. ಸಿಮ್‌ಗೆ ಅಥವಾ ಹೊಸ ಮೊಬೈಲ್‌ಗೆ ನಕಲಿಸಿದ ನಂತರ ಚಿಹ್ನೆಗಳು ಯಥಾವತ್ತಾಗಿ ಇವೆಯೇ ಎಂದು ಪರಿಶೀಲಿಸತಕ್ಕದ್ದು.

ಪ್ರಶ್ನೆ: ಈ ಹಿಂದೆ ಸರಿಯಾಗಿ ಹೋಗುತ್ತಿದ್ದ ಕರೆಯು ಈಗ ಬೇರೆ ವಿಭಾಗಕ್ಕೆ ಹೋಗುತ್ತಿದೆ. ಕಾರಣವೇನು?
ಉತ್ತರ: ಸಂಬಂಧಪಟ್ಟ ಸಂಸ್ಥೆಯು ಆಯ್ಕೆಗಳ ಕ್ರಮವನ್ನು ಬದಲಾಯಿಸಿರಬಹುದು ಅಥವಾ ಆರಂಭದಲ್ಲಿ ಹೊಸ ಪ್ರಕಟಣೆಯನ್ನು ಸೇರಿಸಿರಬಹುದು. ಮೂಲ ಸಂಖ್ಯೆಗೆ ಕರೆಮಾಡಿ, ಸೂಚನೆಗಳನ್ನು ಮತ್ತೊಮ್ಮೆ ಕೇಳಿ, ಉಳಿಸಿದ ಸಂಖ್ಯೆಯನ್ನು ತಿದ್ದಿಕೊಳ್ಳಬೇಕು.

ಪ್ರಶ್ನೆ: ಮೀಟಿಂಗ್ ಕರೆಗಳಿಗೆ ಇದನ್ನು ಬಳಸಬಹುದೇ?
ಉತ್ತರ: ಬಳಸಬಹುದು. ಪ್ರತಿ ವಾರ ಒಂದೇ ಸಂಖ್ಯೆಯಲ್ಲಿ ನಡೆಯುವ ದೂರವಾಣಿ ಸಭೆಗಳ ಗುರುತಿನ ಸಂಖ್ಯೆಯನ್ನು ವಿರಾಮದ ನಂತರ ಸೇರಿಸಬಹುದಾಗಿದೆ. ಕೊನೆಯಲ್ಲಿ ಹ್ಯಾಶ್ ಒತ್ತಬೇಕೆಂಬ ಸೂಚನೆಯಿದ್ದಲ್ಲಿ ಅದನ್ನೂ ಸೇರಿಸತಕ್ಕದ್ದು. ಸಭೆಗೆ ಪ್ರತ್ಯೇಕ ಗುಪ್ತ ಸಂಖ್ಯೆಯಿದ್ದಲ್ಲಿ ಅದನ್ನು ಉಳಿಸಬಾರದು.

ಸಾರಾಂಶ

ಬದಲಾಗದ ಮತ್ತು ಗೌಪ್ಯವಲ್ಲದ ಅಂಕಿಗಳನ್ನು ವಿರಾಮದೊಂದಿಗೆ ಉಳಿಸುವುದರಿಂದ ಸಾರ್ವಜನಿಕ ಸೇವೆಗಳನ್ನು ತಲುಪುವುದು ಸುಲಭವಾಗುತ್ತದೆ. ಗುಪ್ತ ಸಂಖ್ಯೆಗಳ ಸ್ಥಾನ ಬಳಕೆದಾರರ ನೆನಪೇ ಹೊರತು ಸಂಪರ್ಕ ಪಟ್ಟಿಯಲ್ಲ. ಈ ಸೌಲಭ್ಯವನ್ನು ಬಲ್ಲವರು ತಮ್ಮ ಮನೆಯ ಹಾಗೂ ನೆರೆಹೊರೆಯ ಹಿರಿಯರ ಮೊಬೈಲ್‌ಗಳಲ್ಲಿ ಅಗತ್ಯ ಸಂಖ್ಯೆಗಳನ್ನು ಮೇಲ್ಕಂಡ ರೀತಿಯಲ್ಲಿ ಉಳಿಸಿಕೊಟ್ಟು, ಒಮ್ಮೆ ಅವರ ಕೈಯಿಂದಲೇ ಕರೆಮಾಡಿಸಿ ಖಚಿತಪಡಿಸಿಕೊಳ್ಳುವಂತೆ ಕೋರಲಾಗಿದೆ.